ಕೋಪಕ್ಕೂ ಒಂದು ಮಣೆ



ವಾಷಿಂಗ್ಟನ್ನಿನಲ್ಲಿರುವ ವಿಯೆಟ್ನಾಂ ಯುದ್ಧಸ್ಮಾರಕದ ಕಪ್ಪುಗೋಡೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅಮೆರಿಕದಲ್ಲಿರುವ ಮಕ್ಕಳು ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವ ಜಾಗಗಳಲ್ಲಿ ಅದೂ ಒಂದು. 1982ರಲ್ಲಿ ಎದ್ದ ಆ ಗೋಡೆಯ ಗ್ರಾನೈಟ್ ಹೋದದ್ದು ನಮ್ಮ ಬೆಂಗಳೂರಿನ ಕಡೆಯಿಂದ. ಎದುರು ನಿಂತವರಿಗೆ ತಮ್ಮ ಮುಖ ಕಾಣುವಷ್ಟು ಹೊಳಪು ಬರುವ ಕಲ್ಲು ಬೇಕಿತ್ತು, ನಮ್ಮ ಕಲ್ಲು ಒಪ್ಪಿಗೆಯಾಯಿತು. ಅದರ ಮೇಲೆ ಕೊರೆದಿರುವ 58,000ಕ್ಕೂ ಹೆಚ್ಚು ಹೆಸರುಗಳಲ್ಲಿ ಮಹಿಳೆಯರ ಹೆಸರು ಎಂಟು. ಎಂಟೂ ಮಂದಿ ಸೇನೆಯ ದಾದಿಯರು.

ಗೋಡೆಯಿಂದ ತುಸು ದೂರದಲ್ಲಿ, ಮರಗಳ ನಡುವೆ, ಒಂದು ಕಂಚಿನ ಪ್ರತಿಮೆ ಇದೆ. ಗ್ಲೆನಾ ಗುಡೇಕರ್ ಎಂಬ ಶಿಲ್ಪಿ ಮಾಡಿದ್ದು, 1993ರ ನವೆಂಬರ್ 11ರಂದು ಅನಾವರಣವಾಯಿತು. ಮರಳಿನ ಮೂಟೆಗಳ ಮೇಲೆ ಕುಳಿತ ಒಬ್ಬ ದಾದಿಯ ತೊಡೆಯ ಮೇಲೆ ಗಾಯಗೊಂಡ ಸೈನಿಕ. ಚರ್ಚಿಗೆ ಹೋಗುವವರಿಗೆ ಕೂಡಲೇ ಏಸುವಿನ ದೇಹ ಹೊತ್ತ ಮೇರಿ ನೆನಪಾಗುತ್ತಾಳೆ. ಪಕ್ಕದಲ್ಲಿ ನಿಂತವಳು ಆಕಾಶ ನೋಡುತ್ತಿದ್ದಾಳೆ. ಹೆಲಿಕಾಪ್ಟರಿಗೆ ಕಾಯುತ್ತಿದ್ದಾಳೆ ಎನ್ನುವವರಿದ್ದಾರೆ, ದೇವರನ್ನು ಕೇಳುತ್ತಿದ್ದಾಳೆ ಎನ್ನುವವರೂ ಇದ್ದಾರೆ. ಮೂರನೆಯವಳು ಹಿಂದುಗಡೆ ಮಂಡಿಯೂರಿ ಕುಳಿತಿದ್ದಾಳೆ. ಬಹಳ ಜನ ಅವಳನ್ನು ನೋಡದೆಯೇ ಮುಂದೆ ಹೋಗುತ್ತಾರೆ. ಅವಳ ಕೈಯಲ್ಲಿ ಒಂದು ಖಾಲಿ ಹೆಲ್ಮೆಟ್. ಇನ್ನು ಮಾಡುವುದಕ್ಕೆ ಏನೂ ಇಲ್ಲ ಎಂದು ಗೊತ್ತಾದವರ ಹಾಗೆ ತಲೆ ತಗ್ಗಿಸಿದ್ದಾಳೆ. ಈವತ್ತು ನಾನು ಮಾತಾಡಬೇಕೆಂದಿರುವುದು ಈ ಮೂರನೆಯವಳ ಬಗ್ಗೆ. ಯುದ್ಧದಿಂದ ಬದುಕಿ ಬಂದ ಹೆಣ್ಣಿಗೆ ದೇವರನ್ನು ನಂಬುವ ಜನ ಏನು ಮಾಡಬಹುದು, ಏನು ಮಾಡಬಾರದು ಎಂಬುದರ ಬಗ್ಗೆ.

ಆ ಪ್ರತಿಮೆ ಸುಲಭವಾಗಿ ಬರಲಿಲ್ಲ. ಸುಮಾರು 11,000 ಅಮೆರಿಕನ್ ಮಹಿಳೆಯರು ಸಮವಸ್ತ್ರ ತೊಟ್ಟು ವಿಯೆಟ್ನಾಮಿನಲ್ಲಿ ಕೆಲಸ ಮಾಡಿದರು. ಹತ್ತರಲ್ಲಿ ಒಂಬತ್ತು ಮಂದಿ ದಾದಿಯರು, ಬಹಳಷ್ಟು ಜನ ಇಪ್ಪತ್ತರ ಹರೆಯದವರು. ಹೆಣ್ಣುಮಕ್ಕಳಿಗೆ ಕಡ್ಡಾಯ ಭರ್ತಿ ಇರಲಿಲ್ಲ, ತಾವಾಗಿ ಸೇನೆ ಸೇರಿದವರು. 1984ರಲ್ಲಿ ಗೋಡೆಯ ಬಳಿ ಮೂವರು ಗಂಡು ಸೈನಿಕರ ಪ್ರತಿಮೆ ನಿಂತಾಗ, ಪ್ಲೇಕುವಿನ ಸೇನಾ ಆಸ್ಪತ್ರೆಯಲ್ಲಿ ದುಡಿದಿದ್ದ ಡಯಾನ್ ಕಾರ್ಲ್‌ಸನ್ ಇವಾನ್ಸ್ ಎಂಬ ಮಿನ್ನೆಸೋಟದ ರೈತರ ಮನೆಯ ಹೆಣ್ಣುಮಗಳು, ನಾವೆಲ್ಲಿ ಎಂದು ಕೇಳಿದಳು. ಉತ್ತರ ಸಿಗಲು ಒಂಬತ್ತು ವರ್ಷ ಹಿಡಿಯಿತು. ಲಲಿತಕಲಾ ಆಯೋಗ 1987ರಲ್ಲಿ ಪ್ರಸ್ತಾಪವನ್ನು ತಳ್ಳಿಹಾಕಿತು. ಒಬ್ಬರಿಗೆ ಒಪ್ಪಿದರೆ ಎಲ್ಲರೂ ಬರುತ್ತಾರೆ, ನಾಳೆ ಸೇನೆಯ ನಾಯಿಗಳಿಗೂ ಸ್ಮಾರಕ ಕೇಳುತ್ತಾರೆ ಎಂಬ ಧಾಟಿಯ ಮಾತೂ ಬಂತು. ಕೊನೆಗೆ ಅಮೆರಿಕದ ಕಾಂಗ್ರೆಸ್ಸೇ ಕಾನೂನು ಮಾಡಬೇಕಾಯಿತು.

ನಮ್ಮ ನಾಡಿನಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಸತ್ತವನನ್ನು ಅಪ್ಸರೆಯರು ಹೊತ್ತೊಯ್ಯುತ್ತಾರೆ, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಗಾಯಗೊಂಡು ಮನೆಗೆ ಬಂದು ಮುಂದಿನ ಮೂವತ್ತು ವರ್ಷ ನಿದ್ದೆಯಿಲ್ಲದೆ ಕಳೆದವರಿಗೆ ಇಂಥ ಕಲ್ಲು ನೆಟ್ಟವರನ್ನು ನಾನು ಕಾಣೆ. ಸತ್ತವರನ್ನು ಗೌರವಿಸುವುದು ಎಲ್ಲ ಸಮಾಜಕ್ಕೂ ಸುಲಭ. ಅವರು ತಿರುಗಿ ಮಾತಾಡುವುದಿಲ್ಲ, ನೋಡಿ.

ವಿಯೆಟ್ನಾಮಿನಿಂದ ಮರಳಿದ ಆ ದಾದಿಯರನ್ನು ಕಾಡಿದ್ದು ಏನು? ಗುಂಡಿನ ಸದ್ದು, ರಾಕೆಟ್ ದಾಳಿ ಇದ್ದೇ ಇದ್ದವು. ಗೋಡೆಯ ಮೇಲೆ ಹೆಸರಿರುವ ಎಂಟು ಮಂದಿಯಲ್ಲಿ ಶತ್ರುವಿನ ದಾಳಿಗೆ ನೇರವಾಗಿ ಬಲಿಯಾದವಳು ಶರನ್ ಲೇನ್ ಒಬ್ಬಳೇ. 1969ರ ಜೂನ್ 8ರಂದು ಚು ಲಾಯ್ ಆಸ್ಪತ್ರೆಯ ಮೇಲೆ ಬಿದ್ದ ರಾಕೆಟ್ಟಿಗೆ. ಆದರೆ ಬದುಕಿ ಬಂದವರು ಮತ್ತೆ ಮತ್ತೆ ಹೇಳುವುದು ಬೇರೊಂದು ಸಂಗತಿ. ಹೆಲಿಕಾಪ್ಟರ್ ಇಳಿಯುತ್ತಿದ್ದ ಹಾಗೆ ಗಾಯಾಳುಗಳನ್ನು ವಿಂಗಡಿಸಬೇಕು. ಕೂಡಲೇ ಶಸ್ತ್ರಚಿಕಿತ್ಸೆಗೆ ಹೋಗಬೇಕಾದವರು ಒಂದು ಕಡೆ, ಕಾಯಬಲ್ಲವರು ಇನ್ನೊಂದು ಕಡೆ. ತಲೆ ಒಡೆದು ಬಂದ, ಏನು ಮಾಡಿದರೂ ಉಳಿಯಲಾರದ ಹುಡುಗರನ್ನು ಪರದೆಯ ಆಚೆಗೆ ಮಲಗಿಸುತ್ತಿದ್ದರು. ಹಾಗೆ ಮಾಡದಿದ್ದರೆ ಉಳಿಯಬಹುದಾಗಿದ್ದ ನಾಲ್ವರು ಸಾಯುತ್ತಾರೆ. ನಿರ್ಧಾರಕ್ಕೆ ಸಿಗುವುದು ನಿಮಿಷ, ಎರಡು ನಿಮಿಷ. ಪುರಸೊತ್ತಾದಾಗ ದಾದಿ ಪರದೆಯ ಆಚೆ ಹೋಗಿ ಆ ಹುಡುಗನ ಕೈ ಹಿಡಿದು ಕೂರುತ್ತಿದ್ದಳು. ಕೆಲವರು ಅವಳನ್ನೇ ಅಮ್ಮ ಎಂದು ಕರೆದು ಪ್ರಾಣ ಬಿಟ್ಟರು. ಅವಳಿಗೆ ಆಗ ಇಪ್ಪತ್ತೆರಡು ವರ್ಷ. ಒಂದು ವರ್ಷದ ಅವಧಿ ಮುಗಿದ ಮೇಲೆ ವಿಮಾನ ಹತ್ತಿದರೆ ಕ್ಯಾಲಿಫೋರ್ನಿಯಾ. ಮುಂದಿನ ಭಾನುವಾರ ತನ್ನೂರಿನ ಚರ್ಚಿನ ಬೆಂಚು. ಪಕ್ಕದಲ್ಲಿ ಕೂತವರಿಗೆ ಅವಳೆಲ್ಲಿಗೆ ಹೋಗಿದ್ದಳೆಂಬುದೇ ಗೊತ್ತಿಲ್ಲ.

ಲಿಂಡಾ ವ್ಯಾನ್ ಡೆವಾಂಟರ್ ಕೂಡ ಪ್ಲೇಕುವಿನಲ್ಲಿ ದಾದಿಯಾಗಿದ್ದವಳು, ದೈವಭಕ್ತ ಕ್ಯಾಥೊಲಿಕ್ ಮನೆಯ ಹುಡುಗಿ. ದೇಶಸೇವೆ, ದೇವರ ಸೇವೆ ಎರಡೂ ಒಂದೇ ಎಂದು ನಂಬಿ ಹೋದವಳು ಆ ನಂಬಿಕೆ ಕಳೆದುಕೊಂಡು ಮರಳಿದಳು. 1983ರಲ್ಲಿ ಅವಳು ತನ್ನ ಕತೆ ಬರೆದಾಗ ಅವಳ ಜೊತೆಗಿನ ಕೆಲವು ದಾದಿಯರೇ ಸಿಟ್ಟಾದರು, ಉತ್ಪ್ರೇಕ್ಷೆ ಎಂದರು. ಆದರೆ ಇನ್ನೆಷ್ಟೋ ಹೆಂಗಸರಿಗೆ, ಇದು ನನ್ನೊಬ್ಬಳ ಹುಚ್ಚಲ್ಲ ಎಂದು ತಿಳಿದದ್ದು ಆ ಪುಸ್ತಕದಿಂದ.

ವೈದ್ಯರಿಗೂ ಇದು ತಡವಾಗಿಯೇ ತಿಳಿಯಿತು. ಆಘಾತದ ನಂತರದ ಈ ಕಾಯಿಲೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ. 1988ರ ರಾಷ್ಟ್ರೀಯ ಅಧ್ಯಯನದ ಪ್ರಕಾರ ವಿಯೆಟ್ನಾಮಿಗೆ ಹೋಗಿಬಂದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 27 ಮಂದಿ ಒಂದಲ್ಲ ಒಂದು ಹಂತದಲ್ಲಿ ಅದನ್ನು ಅನುಭವಿಸಿದ್ದರು. ಸೇನೆಯ ಪಾದ್ರಿಗಳ ಬಳಿ ಹೇಳಿಕೊಳ್ಳೋಣವೆಂದರೆ, ಅಮೆರಿಕದ ನೌಕಾಪಡೆಗೆ ಮೊದಲ ಮಹಿಳಾ ಪಾದ್ರಿ ಬಂದದ್ದು 1973ರಲ್ಲಿ, ಭೂಸೇನೆಗೆ 1974ರಲ್ಲಿ. ಅಷ್ಟರಲ್ಲಿ ಅಮೆರಿಕದ ಪಡೆಗಳು ವಿಯೆಟ್ನಾಂ ಬಿಟ್ಟು ಬಂದಾಗಿತ್ತು.

ಬಾಸ್ಟನ್ನಿನಲ್ಲಿ ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ಮನೋವೈದ್ಯರು 1994ರಲ್ಲಿ ಒಂದು ಪುಸ್ತಕ ಬರೆದರು. ಗ್ರೀಕ್ ಕವಿ ಹೋಮರನ ಕಾವ್ಯದ ಯೋಧ ಅಕಿಲೀಸನ ಕೋಪವನ್ನು ತಮ್ಮ ರೋಗಿಗಳ ಕೋಪದ ಪಕ್ಕದಲ್ಲಿಟ್ಟು ನೋಡಿದರು. ಪ್ರಾಣಭಯಕ್ಕಿಂತ ಆಳಕ್ಕೆ ಇಳಿಯುವ ಗಾಯವೊಂದಿದೆ, ಮೇಲಿನವರು ನ್ಯಾಯಕ್ಕೆ ದ್ರೋಹ ಮಾಡಿದಾಗ ಆಗುವ ಗಾಯ ಅದು ಎಂದರು. ಅದಕ್ಕೆ ನೈತಿಕ ಗಾಯ ಎಂಬ ಹೆಸರು ಬಂತು. ಇದಕ್ಕೆ ಮಾತ್ರೆ ಸಾಲದು ಎಂಬುದು ಧರ್ಮಶಾಸ್ತ್ರದವರಿಗೂ ಹೊಳೆಯಿತು. ರೀಟಾ ನಕಾಶಿಮಾ ಬ್ರಾಕ್ ಮುಂತಾದವರು 2012ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ, ಒಂದು ಧರ್ಮಶಾಸ್ತ್ರ ಕಾಲೇಜಿನ ಆಸರೆಯಲ್ಲಿ, ಇದಕ್ಕೆಂದೇ ಕೇಂದ್ರ ತೆರೆದರು. ಟೆನೆಸ್ಸಿಯ ಕ್ಲಾರ್ಕ್ಸ್‌ವಿಲ್‌ನಲ್ಲಿ ದಂಪತಿಗಳಿಬ್ಬರು 2011ರಲ್ಲಿ ಶುರುಮಾಡಿದ ರೀಬೂಟ್ ಎಂಬ ಕ್ರೈಸ್ತ ಸಂಸ್ಥೆ ಹನ್ನೆರಡು ವಾರಗಳ ಕೂಟ ನಡೆಸುತ್ತದೆ. ಅದು ಮಹಿಳೆಯರಿಗಷ್ಟೇ ಮೀಸಲಲ್ಲ. ಆದರೆ ಬಂದವರಿಗೆ ಊಟ, ಅವರ ಮಕ್ಕಳನ್ನು ನೋಡಿಕೊಳ್ಳಲು ಜನ, ಇವೆರಡನ್ನೂ ವ್ಯವಸ್ಥೆಯ ಭಾಗವಾಗಿಯೇ ಇಟ್ಟುಕೊಂಡಿದ್ದಾರೆ. ಮಗುವನ್ನು ಬಿಟ್ಟುಬರಲು ಜಾಗವಿಲ್ಲದ ತಾಯಿಗೆ ಎಷ್ಟೇ ಒಳ್ಳೆಯ ಪ್ರಾರ್ಥನಾಕೂಟವಿದ್ದರೂ ಇಲ್ಲದ ಲೆಕ್ಕವೇ.

ಯುದ್ಧದಿಂದ ಬಂದವರ ಒಳಗಿನ ಗಾಯಕ್ಕೆ ಮದ್ದು ಹುಡುಕುವುದು ಚರ್ಚಿಗೆ ಹೊಸ ವಿದ್ಯೆಯೇನಲ್ಲ. 1066ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಯುದ್ಧದಲ್ಲಿ ಗೆದ್ದ ನಾರ್ಮನ್ ಸೈನಿಕರಿಗೆ ಅವರದೇ ಬಿಷಪ್ಪರು ಪ್ರಾಯಶ್ಚಿತ್ತ ವಿಧಿಸಿದರು. ಕೊಂದ ಪ್ರತಿಯೊಬ್ಬನಿಗೆ ಒಂದು ವರ್ಷ. ಹೊಡೆದವನು ಸತ್ತನೋ ಇಲ್ಲವೋ ಗೊತ್ತಿಲ್ಲದಿದ್ದರೆ ತಲೆಗೆ ನಲವತ್ತು ದಿನ. ಪೋಪರ ಬೆಂಬಲವಿದ್ದ ಯುದ್ಧ ಅದು, ಗೆದ್ದ ಪಕ್ಷ ಬೇರೆ. ಆದರೂ ನೆತ್ತರು ನೋಡಿ ಬಂದವನು ಕೈ ತೊಳೆದು ಸೀದಾ ಊಟಕ್ಕೆ ಕೂರಲಾರ ಎಂಬ ತಿಳಿವಳಿಕೆ ಅವರಿಗಿತ್ತು. ಹುಟ್ಟಿಗೂ ಸಾವಿಗೂ ಸೂತಕ ಹಿಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂತಕದಲ್ಲಿ ಹೊರಗಿಡುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಗೊತ್ತಾದ ದಿನ ಒಳಕ್ಕೆ ಕರೆದುಕೊಳ್ಳುವುದೂ ಅದರ ಅರ್ಧ ಭಾಗ.

ಆದರೆ ಪರದೆಯ ಆಚೆ ಕೂತ ದಾದಿಗೆ ಯಾವ ಪ್ರಾಯಶ್ಚಿತ್ತ? ಅವಳು ಯಾರನ್ನೂ ಕೊಂದವಳಲ್ಲ. ಇನ್ನೂ ಕಷ್ಟದ ಮಾತೊಂದಿದೆ. ಅಮೆರಿಕದ ನಿವೃತ್ತ ಸೈನಿಕರ ಇಲಾಖೆ ತನ್ನ ಆಸ್ಪತ್ರೆಗಳಿಗೆ ಬರುವವರನ್ನು ಒಂದು ಪ್ರಶ್ನೆ ಕೇಳುತ್ತದೆ: ಸೇವೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯ ಅಥವಾ ಕಿರುಕುಳ ಆಗಿತ್ತೇ? ಮೂವರು ಮಹಿಳೆಯರಲ್ಲಿ ಒಬ್ಬಳು ಹೌದು ಎನ್ನುತ್ತಾಳೆ. ಕೈ ಮಾಡಿದವನು ಎಷ್ಟೋ ಬಾರಿ ಅವಳದೇ ತುಕಡಿಯವನು, ಮೇಲಧಿಕಾರಿ. ದೂರು ಕೊಟ್ಟವಳನ್ನೇ ಕೆಟ್ಟವಳು ಮಾಡಿದ ಉದಾಹರಣೆಗಳೂ ಕಡಿಮೆಯಿಲ್ಲ.

ಇಲ್ಲಿಯೇ ಧಾರ್ಮಿಕ ಜನ ಎಡವುವುದು. ಅವಳು ಬಂದು ಕೂತ ಮೊದಲ ವಾರವೇ ಕ್ಷಮೆಯ ಉಪದೇಶ. ಕ್ಷಮಿಸಿಬಿಡಮ್ಮ, ಭಾರ ಇಳಿಯುತ್ತದೆ. ಎಲ್ಲದಕ್ಕೂ ದೇವರ ಒಂದು ಉದ್ದೇಶವಿರುತ್ತದೆ. ನಮ್ಮಲ್ಲಾದರೆ ಕರ್ಮ, ಹಣೆಬರಹ, ಪ್ರಾರಬ್ಧ. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಕೇಳುವವಳ ಕಿವಿಗೆ ಮಾತ್ರ ಅದು, ಬಾಯಿ ಮುಚ್ಚು ಎಂದು ಅವತ್ತು ಮೇಲಧಿಕಾರಿ ಹೇಳಿದ ಮಾತೇ. ಅವಳು ಎದ್ದು ಹೋದರೆ ಮತ್ತೆ ಬರುವುದಿಲ್ಲ.

ಮಹಾಭಾರತದ ಸ್ತ್ರೀಪರ್ವವನ್ನು ನೆನೆದುಕೊಳ್ಳಿ. ಹದಿನೆಂಟು ದಿನ ಗಂಡಸರು ಹೊಡೆದಾಡಿದ ಮೇಲೆ ಹೆಂಗಸರು ಕುರುಕ್ಷೇತ್ರಕ್ಕೆ ಬರುತ್ತಾರೆ. ನಾಯಿ ನರಿಗಳ ನಡುವೆ ತಮ್ಮವರ ದೇಹ ಹುಡುಕುತ್ತಾರೆ. ಗಾಂಧಾರಿ ನೋಡಿದ್ದನ್ನೆಲ್ಲ ಒಂದೊಂದಾಗಿ ಕೃಷ್ಣನಿಗೆ ಹೇಳುತ್ತಾಳೆ, ಅವನು ಕೇಳುತ್ತ ನಿಲ್ಲುತ್ತಾನೆ. ಕೊನೆಗೆ, ತಡೆಯಬಲ್ಲವನಾಗಿದ್ದೂ ನೀನು ತಡೆಯಲಿಲ್ಲ ಎಂದು ಅವನ ಕುಲಕ್ಕೇ ಶಾಪ ಹಾಕುತ್ತಾಳೆ. ಕೃಷ್ಣ ಆ ಶಾಪವನ್ನು ತಳ್ಳಿಹಾಕುವುದಿಲ್ಲ, ಒಪ್ಪಿಕೊಳ್ಳುತ್ತಾನೆ. ಬೈಬಲ್ಲಿನ 88ನೆಯ ಕೀರ್ತನೆಯೂ ಅಂಥದ್ದೇ. ದೇವರ ಮೇಲಿನ ದೂರಿನಿಂದ ತುಂಬಿ, ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಗ್ರಂಥದಲ್ಲಿ ಉಳಿಸಿಕೊಂಡ ಹಿರಿಯರು ಇವತ್ತಿನ ಅನೇಕ ಪ್ರವಚನಕಾರರಿಗಿಂತ ಧೈರ್ಯಸ್ಥರು.

ಹಾಗಾಗಿ ನನ್ನ ವಾದ ಇಷ್ಟೇ. ಸೇನೆಯಿಂದ ಬಂದ ಹೆಣ್ಣುಮಕ್ಕಳಿಗಾಗಿ ಶ್ರದ್ಧೆಯ ನೆಲೆಯಲ್ಲಿ ಬಳಗ ಕಟ್ಟುವವರು ಕೋಪಕ್ಕೂ ಒಂದು ಮಣೆ ಹಾಕಬೇಕು. ಕ್ಷಮೆ ಬಂದರೆ ತಾನಾಗಿ ಬರಲಿ, ಬಾರದಿದ್ದರೆ ಅವಳ ಭಕ್ತಿಗೆ ಕುಂದು ಎಣಿಸಬೇಡಿ. ಬಳಗವನ್ನು ನಡೆಸುವವಳು ಸ್ವತಃ ಸೇವೆ ಮಾಡಿ ಬಂದವಳಾಗಿರಲಿ. ಪಾದ್ರಿಯೋ ಸ್ವಾಮಿಗಳೋ ಜಾಗ ಕೊಟ್ಟು, ಬೀಗದ ಕೈ ಕೊಟ್ಟು, ಬಾಗಿಲಾಚೆ ಇದ್ದರೆ ಸಾಕು. ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚಾದರೆ ಅದು ಸಭೆಯಾಗುತ್ತದೆ. ಯಾರನ್ನೂ ವೇದಿಕೆಗೆ ಎಳೆದು ಅನುಭವ ಹೇಳಿಸಬಾರದು. ಒಬ್ಬಳು ಆರು ತಿಂಗಳು ಸುಮ್ಮನೆ ಬಂದು ಅನ್ನ ಸಾರು ಉಂಡು ಹೋದರೂ ಅದು ಹಾಜರಿಯೇ. ಸಾಯುವ ಮಾತಾಡಿದರೆ ಪ್ರಾರ್ಥನೆಗೆ ಕೂರಿಸಿಕೊಂಡು ಕಾಲ ಕಳೆಯದೆ ಮನೋವೈದ್ಯರ ಬಳಿ ಜೊತೆಗೆ ಹೋಗಬೇಕು. ಇನ್ನು, ನೊಂದವರನ್ನು ತಮ್ಮ ಮತಕ್ಕೆ ಸೆಳೆಯಲು ಇದೇ ಸುಸಮಯ ಎಂದುಕೊಳ್ಳುವವರಿದ್ದಾರೆ, ಎಲ್ಲ ಮತಗಳಲ್ಲೂ. ಅಂಥವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ನಮ್ಮ ಕಡೆಗೆ ಬರೋಣ. ಭಾರತೀಯ ಸೇನೆ ನರ್ಸಿಂಗ್ ಮತ್ತು ವೈದ್ಯಕೀಯದ ಆಚೆಗೆ ಮಹಿಳಾ ಅಧಿಕಾರಿಗಳಿಗೆ ಬಾಗಿಲು ತೆರೆದದ್ದು 1992ರಲ್ಲಿ. ಮೊದಲು ಐದು ವರ್ಷದ ಸೇವೆ, ಅದು ಬೆಳೆದು ಹದಿನಾಲ್ಕಾಯಿತು. ಪಿಂಚಣಿಗೆ ಬೇಕಾದದ್ದು ಇಪ್ಪತ್ತು. ಮೂವತ್ತೇಳು ಮೂವತ್ತೆಂಟರ ವಯಸ್ಸಿಗೆ ಪಿಂಚಣಿಯಿಲ್ಲದೆ ಮನೆಗೆ ಬಂದವರು ಎಷ್ಟೋ ಜನ. ಕಾಯಂ ಸೇವೆಯ ಹಕ್ಕನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2020ರ ಫೆಬ್ರವರಿಯಲ್ಲಿ. ಮದುವೆಯಾದಳೆಂದು 1988ರಲ್ಲಿ ಸೇವೆಯಿಂದ ತೆಗೆದುಹಾಕಿದ ಒಬ್ಬ ಮಿಲಿಟರಿ ನರ್ಸಿಂಗ್ ಅಧಿಕಾರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಅದೇ ಕೋರ್ಟು ಹೇಳುವಷ್ಟರಲ್ಲಿ 2024 ಬಂದಿತ್ತು. ಮಿಲಿಟರಿ ಪೊಲೀಸ್ ದಳದ ಮೊದಲ ಮಹಿಳಾ ತಂಡದ 83 ಮಂದಿ ತರಬೇತಿ ಮುಗಿಸಿ ಹೊರಬಂದದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಮೇ ತಿಂಗಳಲ್ಲಿ. ಅವರೂ ಒಂದು ದಿನ ಊರಿಗೆ ಮರಳುತ್ತಾರೆ.

ಸೇನೆಯೊಳಗೆ ಸರ್ವಧರ್ಮ ಸ್ಥಳ ಎಂಬ ವ್ಯವಸ್ಥೆ ಇದೆ. ಒಂದೇ ಸೂರಿನಡಿ ಎಲ್ಲರ ದೇವರು, ರೆಜಿಮೆಂಟಿನ ಧರ್ಮಗುರುಗಳು, ಸಮವಸ್ತ್ರದಲ್ಲೇ ಕೈಮುಗಿಯುವ ಸಾಲು. ಅಲ್ಲಿ ಅವಳು ಕ್ಯಾಪ್ಟನ್, ಮೇಜರ್. ನಿವೃತ್ತಳಾಗಿ ಬಡಾವಣೆಯ ದೇವಸ್ಥಾನಕ್ಕೆ ಬಂದರೆ ಕೇಳುವ ಮೊದಲ ಪ್ರಶ್ನೆ, ನಿಮ್ಮ ಯಜಮಾನರು ಸೇನೆಯಲ್ಲಿದ್ದರಾ?

ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಕೆ. ಎಂ. ಕಾರ್ಯಪ್ಪನವರು ನಿವೃತ್ತರಾದದ್ದು 1953ರ ಜನವರಿ 14ರಂದು. ಆ ನೆನಪಿಗೆ ಪ್ರತಿವರ್ಷ ಅದೇ ದಿನ ಮಾಜಿ ಸೈನಿಕರ ದಿನ ಆಚರಿಸುತ್ತಾರೆ. ಸಂಕ್ರಾಂತಿಯೂ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ. ನಮ್ಮ ಸಂಘಕ್ಕೂ, ಇಲ್ಲಿ ಕೂತಿರುವ ದೇವಸ್ಥಾನ, ಮಠ, ಚರ್ಚು, ಮಸೀದಿಗಳ ಸಮಿತಿಯವರಿಗೂ ನನ್ನದೊಂದು ಕೋರಿಕೆ. ಬರುವ ಸಂಕ್ರಾಂತಿಗೆ ಮೊದಲು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಸೇವೆ ಸಲ್ಲಿಸಿದ ಹೆಣ್ಣುಮಕ್ಕಳಿಗೆ ನಮ್ಮ ಆಹ್ವಾನ ತಲುಪಿಸಲು ಕೇಳಿಕೊಳ್ಳಿ. ಶಾಲು, ಹಾರ, ಭಾಷಣ ಬೇಡ. ತಿಂಗಳಿಗೊಂದು ಸಂಜೆ ಅವರದಾಗಿ ಒಂದು ಕೋಣೆ, ಊಟ, ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಸ್ವಯಂಸೇವಕರು, ಇಷ್ಟನ್ನು ಒಂದು ವರ್ಷ ತಪ್ಪದೆ ನಡೆಸಿಕೊಡಿ. ಕೋಣೆಯೊಳಗೆ ಏನು ಮಾತಾಯಿತೆಂದು ಕೇಳಬೇಡಿ.