ದಾದಿಯರ ಮನೋಬಲ



ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ, ರೋಗಿಗಳ ಶುಶ್ರೂಷೆಯನ್ನೇ ಕಸುಬಾಗಿ ಕೈಕೊಂಡ ದಾದಿಯರನ್ನು ಕುರಿತು ಎರಡು ಮಾತುಗಳನ್ನಾಡಬಯಸುತ್ತೇವೆ. ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಅವರ ಧೈರ್ಯವನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಆ ಧೈರ್ಯ ಏತರಿಂದ ಉಳಿಯುತ್ತದೆ, ಏತರಿಂದ ಕುಂದುತ್ತದೆ ಎಂದು ವಿಚಾರಿಸುವುದು ಮಾತ್ರ ಅಪರೂಪ.

2003ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಸಾರ್ಸ್ ಎಂಬ ರೋಗ ಹರಡಿತು. ಆ ದೇಶದಲ್ಲಿ ಅದರಿಂದ ಮಡಿದವರು 44 ಮಂದಿ. ಅವರಲ್ಲಿ ಇಬ್ಬರು ದಾದಿಯರು. ರೋಗ ಹೆಚ್ಚಾಗಿ ಹಬ್ಬಿದ್ದು ಆಸ್ಪತ್ರೆಗಳ ಒಳಗೇ. ಅನೇಕ ದಾದಿಯರಿಗೆ ಮನೆ ಮತ್ತು ಆಸ್ಪತ್ರೆಗಳ ಹೊರತು ಬೇರೆಡೆಗೆ ಹೋಗಲು ಅಪ್ಪಣೆಯಿರಲಿಲ್ಲ. ಮನೆಯಲ್ಲಿಯೂ ಮುಖಗವಸು ಧರಿಸಿ, ಮಕ್ಕಳಿಂದ ದೂರವಿರಬೇಕಾಗಿತ್ತು.

ಮೇ ತಿಂಗಳಲ್ಲಿ, ರೋಗ ಅಡಗಿತೆಂದು ಭಾವಿಸಿ ಮುನ್ನೆಚ್ಚರಿಕೆಗಳನ್ನು ಸಡಿಲಿಸಲಾಯಿತು. ನಾರ್ತ್ ಯಾರ್ಕ್ ಜನರಲ್ ಆಸ್ಪತ್ರೆಯ ದಾದಿಯರು, ರೋಗ ಇನ್ನೂ ಹೋಗಿಲ್ಲವೆಂದು ಎಚ್ಚರಿಸಿದರು. ಅವರ ಮಾತಿಗೆ ಮನ್ನಣೆ ದೊರೆಯಲಿಲ್ಲ. ಮೇ 23ರಂದು ರೋಗ ಮತ್ತೆ ತಲೆಯೆತ್ತಿರುವುದು ಪ್ರಕಟವಾಯಿತು. ಅಪಾಯ ಪೂರ್ಣವಾಗಿ ರುಜುವಾತಾಗುವವರೆಗೆ ಕಾಯದೆ ಕೆಲಸಗಾರರಿಗೆ ರಕ್ಷಣೆ ಒದಗಿಸಬೇಕೆಂದು ಮುಂದೆ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಅವರ ವಿಚಾರಣಾ ಆಯೋಗವು ಶಿಫಾರಸು ಮಾಡಿತು.

ರೋಗ ತೊಲಗಿದರೂ ಮನಸ್ಸಿನ ಗಾಯ ಮಾಯಲಿಲ್ಲ. ಮನೋವೈದ್ಯ ರಾಬರ್ಟ್ ಮೌಂಡರ್ ಮತ್ತು ಅವರ ಸಂಗಡಿಗರು 13ರಿಂದ 26 ತಿಂಗಳುಗಳ ತರುವಾಯ 769 ಮಂದಿ ಆಸ್ಪತ್ರೆಯ ಸಿಬ್ಬಂದಿಯನ್ನು ಪರಿಶೀಲಿಸಿದರು. ಅವರಲ್ಲಿ ಹೆಚ್ಚಿನವರು ದಾದಿಯರು. ಸಾರ್ಸ್ ರೋಗಿಗಳಿದ್ದ ಟೊರಾಂಟೊ ಆಸ್ಪತ್ರೆಗಳಲ್ಲಿ ನೂರಕ್ಕೆ 30 ಮಂದಿ ಕಾರ್ಯಭಾರದಿಂದ ಮನಸ್ಸು ಬತ್ತಿಹೋದವರಾಗಿದ್ದರು. ಅಂಥ ರೋಗಿಗಳಿಲ್ಲದ ಹ್ಯಾಮಿಲ್ಟನ್ ಆಸ್ಪತ್ರೆಗಳಲ್ಲಿ ಈ ಸಂಖ್ಯೆ 19. ತಮಗೆ ಸಾಕಷ್ಟು ತರಬೇತಿ, ರಕ್ಷಣೆ, ನೈತಿಕ ಬೆಂಬಲ ದೊರೆತವೆಂದು ಭಾವಿಸಿದವರಲ್ಲಿ ಈ ನೋವು ಕಡಿಮೆಯಾಗಿತ್ತು. ಅಂದರೆ ಮನೋಬಲವೆಂಬುದು ದಾದಿಯೊಬ್ಬಳ ಸ್ವಭಾವದಿಂದ ಮಾತ್ರ ಬರುವುದಲ್ಲ. ಸುತ್ತಲಿನವರೂ ಅದಕ್ಕೆ ಹೊಣೆಗಾರರು.

ಈ ಪಾಠ ನಮ್ಮ ನಾಡಿಗೂ ಸಲ್ಲುತ್ತದೆ. ಕೋವಿಡ್ ಮಹಾಮಾರಿಯ ಆರಂಭದಲ್ಲಿ, 2020ರ ಮಾರ್ಚ್ 22ರಂದು, ಇಡೀ ದೇಶವೇ ಚಪ್ಪಾಳೆ ತಟ್ಟಿ, ತಟ್ಟೆ ಬಾರಿಸಿ ವೈದ್ಯರನ್ನೂ ದಾದಿಯರನ್ನೂ ಗೌರವಿಸಿತು. ಅದೇ ದಿನಗಳಲ್ಲಿ ಕೆಲವರು ತಮ್ಮ ಬಾಡಿಗೆ ಮನೆಗಳಿಂದ ಅವರನ್ನು ಹೊರಹಾಕಲೆಳಸಿದರು. ಅವರ ಮೇಲಿನ ಹಲ್ಲೆಗಳನ್ನು ತಡೆಯಲು ಏಪ್ರಿಲ್‌ನಲ್ಲಿ ಕೇಂದ್ರ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ದಾದಿಯರನ್ನು ದೇವದೂತರೆಂದು ಕರೆಯುವುದು ಸುಲಭ. ಆದರೆ ದೇವದೂತರಿಗೆ ಹಸಿವಿಲ್ಲ, ನಿದ್ರೆ ಬೇಕಿಲ್ಲ, ಮನೆಯಲ್ಲಿ ಕಾಯುವ ಮಕ್ಕಳಿಲ್ಲ. ದಾದಿಯರಿಗೆ ಇವೆಲ್ಲವೂ ಇವೆ. ಆದುದರಿಂದ ನಮ್ಮ ನೆರೆಯ ದಾದಿ ರಾತ್ರಿಪಾಳಿ ಮುಗಿಸಿ ಬಂದಾಗ ಆಕೆಗೆ ಬಿಸಿಯೂಟ ಸಿಗಲಿ. ಆಕೆಯ ಮಕ್ಕಳನ್ನು ಒಂದು ಹೊತ್ತು ನಾವು ನೋಡಿಕೊಳ್ಳೋಣ. ಭಯವಾಗುತ್ತಿದೆಯೆಂದು ಆಕೆ ನುಡಿದರೆ ಉಪದೇಶಿಸದೆ ಆಲಿಸೋಣ. ನಮ್ಮಲ್ಲಿ ಆಸ್ಪತ್ರೆಗಳ ಆಡಳಿತ ನಡೆಸುವವರು ದಾದಿಯರ ಎಚ್ಚರಿಕೆಗೆ ಕಿವಿಗೊಡಲಿ.

ಇಷ್ಟು ನೆರವೇರಿದರೆ ನಾವು ಸಲ್ಲಿಸುವ ಹೊಗಳಿಕೆಗೆ ಅರ್ಥ ಬಂದೀತು.