ನಡುಮನೆಯ ದೊಡ್ಡ ಎಲೆ



ಕೋಲಾರ ಜಿಲ್ಲೆಯ ಬೇತಮಂಗಲದಂಥ ಊರಲ್ಲಿ ಮನೆಯೊಳಗೆ ಬೆಳೆಸುವ ಗಿಡದ ಮಾತೆತ್ತಿದರೆ ಹಿರಿಯರು ನಕ್ಕಾರು. ಹಿತ್ತಿಲು, ಹೊಲ, ಕೆರೆ ಇರುವಾಗ ನಡುಮನೆಗೇಕೆ ಗಿಡ? ಆದರೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಮಕ್ಕಳು ಅಲ್ಲಿನ ನರ್ಸರಿಗಳಲ್ಲಿ ಮೆಚ್ಚಿದ್ದನ್ನು ಊರಿಗೂ ಹೊತ್ತು ತರುತ್ತಾರೆ. ಆಳೆತ್ತರದ ಬರ್ಡ್ ಆಫ್ ಪ್ಯಾರಡೈಸ್ ಅಂಥದೊಂದು.

ದಕ್ಷಿಣ ಆಫ್ರಿಕಾದ ಪೂರ್ವ ಕರಾವಳಿ ಇದರ ತವರು. ಅಲ್ಲಿ ಇಪ್ಪತ್ತು ಅಡಿಯನ್ನೂ ಮೀರಿ ಬೆಳೆಯುತ್ತದೆ. ಹೂಗುಚ್ಛಗಳಲ್ಲಿ ಕಾಣುವ ಕಿತ್ತಳೆ-ನೀಲಿ ಹೂವು ಇದರ ಚಿಕ್ಕ ಜಾತಿಯದು. ಅದು 1773ರಲ್ಲೇ ಇಂಗ್ಲೆಂಡಿನ ಕ್ಯೂ ತೋಟ ಸೇರಿತು. ದೊಡ್ಡದು ಮನೆಯೊಳಗೆ ಹೂ ಬಿಡುವುದು ಅಪರೂಪ. ಎಲೆಗಾಗಿಯೇ ಸಾಕುವುದಾದರೆ ಸಾಕಿ.

ಆ ಎಲೆ ಸೀಳಿತೆಂದು ಎಷ್ಟು ಜನ ಪೇಚಾಡುತ್ತಾರೆ! ಬಾಳೆಗೆ ದೂರದ ನಂಟಿರುವ ಗಿಡ ಇದು. ಹಿತ್ತಿಲ ಬಾಳೆಯೆಲೆ ಗಾಳಿಗೆ ಸೀಳಿದರೆ ನಾವು ಔಷಧಿ ಹುಡುಕುತ್ತೇವೆಯೇ? ಎಲೆ ಹಾಗೆ ಸೀಳಿಕೊಂಡೇ ಗಾಳಿಗೆ ದಾರಿ ಬಿಡುತ್ತದೆ. ಹೊಸ ಎಲೆ ಬರುವುದು ನಿಂತರೆ ಮಾತ್ರ ಯೋಚಿಸಬೇಕು. ಹೆಚ್ಚಿನ ಸಲ ಬೆಳಕಿನ ಕೊರತೆಯೇ ಕಾರಣ. ಟಿವಿ ಪಕ್ಕದ ಮೂಲೆ ನಮ್ಮ ಕಣ್ಣಿಗೆ ಚೆಂದ, ಗಿಡಕ್ಕಲ್ಲ. ಬೆಳಗಿನ ಬಿಸಿಲು ಬೀಳುವ ಪೂರ್ವದ ಕಿಟಕಿಯೇ ಅದರ ಜಾಗ. ಒದ್ದೆ ಬಟ್ಟೆಯಲ್ಲಿ ಎಲೆಯ ಧೂಳು ಒರೆಸಿ. ಎಲೆಯಡಿಯಲ್ಲಿ ಬಿಳಿ ಹಿಟ್ಟು ತಿಗಣೆ ಅಡಗಿದ್ದರೆ ಆಗಲೇ ಕಂಡುಬಿಡುತ್ತದೆ.

ಇನ್ನು ನೀರು. ಪಾಲಾರ್ ನದಿಯ ಬೇತಮಂಗಲ ಕೆರೆಯ ನೀರು ಒಂದು ಕಾಲಕ್ಕೆ ಚಿನ್ನದ ಗಣಿಯ ಊರಿನ ಬಾಯಾರಿಕೆ ತಣಿಸಿತ್ತು. ಇಂದು ಜಿಲ್ಲೆಯ ಬಹುಪಾಲು ಮನೆಗಳಿಗೆ ಕೊಳವೆಬಾವಿಯೇ ಗತಿ. ಆ ನೀರು ಗಡಸು. ಎಷ್ಟೋ ಕಡೆ ಫ್ಲೋರೈಡೂ ಉಂಟು. ಕುಂಡದಲ್ಲಿ ಉಪ್ಪಿನಂಶ ಕೂಡುತ್ತ ಬಂದರೆ ಎಲೆಯಂಚು ಕಂದಾಗಿ ಒಣಗುತ್ತದೆ. ನೀರು ಸಾಲದೆಂದು ನಾವು ಮತ್ತೆ ಸುರಿಯುತ್ತೇವೆ, ಬೇರು ಕೊಳೆಯುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಕುಂಡಕ್ಕೆ ಹಾಕುವುದು ಉಳಿತಾಯವೆಂದು ಕಂಡೀತು. ಆದರೆ ಯಂತ್ರ ತೆಗೆದ ಉಪ್ಪೆಲ್ಲ ಇರುವುದು ಅದರಲ್ಲೇ. ಅದರಲ್ಲಿ ನೆಲ ತೊಳೆಯಿರಿ.

ಬೆರಳಿಟ್ಟು ನೋಡಿ, ಮೇಲಿನ ಎರಡು ಅಂಗುಲ ಮಣ್ಣು ಒಣಗಿದ್ದರೆ ಮಾತ್ರ ನೀರು. ಕೆಂಪುಮಣ್ಣಿಗೆ ದಪ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿರಬೇಕು. ಕುಂಡದ ತಳದಲ್ಲಿ ತೂತಿರಬೇಕು. ಬೇರು ಬಲು ಗಟ್ಟಿ, ಇಕ್ಕಟ್ಟಾದರೆ ಪ್ಲಾಸ್ಟಿಕ್ ಕುಂಡವನ್ನೇ ಸೀಳೀತು. ಎರಡು ಮೂರು ವರ್ಷಕ್ಕೊಮ್ಮೆ ಸ್ವಲ್ಪ ದೊಡ್ಡ ಕುಂಡಕ್ಕೆ ಬದಲಿಸಿದರೆ ಸಾಕು.

ಮುಂದಿನ ಮಳೆಗೆ ಮಾಳಿಗೆಯ ಮೇಲೆ ಎರಡು ಬಕೆಟ್ ಇಡಿ. ಗಿಡವನ್ನು ಅಂಗಳಕ್ಕಿಳಿಸಿ, ಕುಂಡದ ತಳದಿಂದ ನೀರು ಧಾರಾಳವಾಗಿ ಹರಿದುಹೋಗುವ ತನಕ ಆ ಮಳೆನೀರು ಹೊಯ್ಯಿರಿ. ಕೂಡಿಕೊಂಡ ಉಪ್ಪು ತೊಳೆದುಹೋಗಲಿ.