ಲಕ್ವ ಹೊಡೆದ ಹಿರಿಯರಿಗೆ ನೆರವು

ಲಕ್ವ ಎಂಬ ಹೆಸರು ಕೇಳಿದೊಡನೆ ನಮ್ಮ ಜನರಲ್ಲಿ ಎರಡು ಬಗೆಯ ಮಾತು ಹುಟ್ಟುವುದುಂಟು. ‘ಇನ್ನೇನು, ಹಾಸಿಗೆ ಹಿಡಿದಂತೆಯೇ’ ಎಂಬುದೊಂದು. ‘ಗಾಳಿ ಸೋಕಿದೆ, ಪಾರಿವಾಳದ ರಕ್ತ ಸವರಿದರೆ ವಾಸಿಯಾಗುತ್ತದೆ’ ಎಂಬುದು ಇನ್ನೊಂದು. ಎರಡೂ ತಪ್ಪು. ಸೋತಿರುವುದು ಕೈಕಾಲಾದರೂ ರೋಗವಿರುವುದು ಮಿದುಳಿನಲ್ಲಿ. ಅಲ್ಲಿಯ ರಕ್ತನಾಳವೊಂದು ಮುಚ್ಚಿಹೋಗುತ್ತದೆ, ಇಲ್ಲವೆ ಒಡೆಯುತ್ತದೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ, ಬಲಗಾಲು ಸೋಲುತ್ತವೆ. ಬಹುಮಂದಿಗೆ ಮಾತಿನ ನೆಲೆಯೂ ಅಲ್ಲಿಯೇ ಇರುವುದರಿಂದ ಮಾತೂ ತೊಡಕುತ್ತದೆ.

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂಥ ಊರುಗಳಲ್ಲಿ ಭತ್ತದ ಗದ್ದೆ, ಅಡಿಕೆ ತೋಟ ನೋಡಿಕೊಂಡು ಬಾಳಿದ ಹಿರಿಯರು ಮಕ್ಕಳು ದೂರದ ನಗರ ಸೇರಿದ ಮೇಲೆ ವೃದ್ಧಾಶ್ರಮದಲ್ಲಿ ಉಳಿಯುವುದು ಈಗ ಹೊಸತಲ್ಲ. ಅಲ್ಲಿರುವ ನಿಮ್ಮ ತಾಯಿಗೋ ತಂದೆಗೋ ಲಕ್ವ ಹೊಡೆಯಿತೆನ್ನಿ. ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎತ್ತಿದ ತೋಳು ಜೋತು ಬಿದ್ದರೆ, ಮಾತು ತೊದಲಿದರೆ, ಒಂದು ಗಳಿಗೆಯೂ ಕಾಯಬಾರದು. ನಮ್ಮ ರಾಜ್ಯದಲ್ಲಿ 2008ರಿಂದ ನಡೆದಿರುವ 108 ವಾಹನವನ್ನು ಕರೆಯಬೇಕು. ತಲೆಯ ಸ್ಕ್ಯಾನ್ ಮಾಡುವ ಆಸ್ಪತ್ರೆಗೇ ನೇರವಾಗಿ ಒಯ್ಯಬೇಕು. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ಮೊದಲ 4½ ಗಂಟೆಗಳೊಳಗೇ ಕೊಡಬೇಕಾಗುತ್ತದೆ. ಅದೂ ಸ್ಕ್ಯಾನ್ ನೋಡಿದ ಮೇಲೆಯೇ.

ಇದು ವೈದ್ಯರ ಕೆಲಸವಾಯಿತು. ರೋಗಿ ಆಶ್ರಮಕ್ಕೆ ಹಿಂದಿರುಗಿದ ಮೇಲೆ ಸುತ್ತಲಿನವರ ಕೆಲಸ ಮೊದಲಾಗುತ್ತದೆ. ಇಲ್ಲಿ ನಮ್ಮ ಕರುಣೆಯೇ ಒಮ್ಮೊಮ್ಮೆ ಅಡ್ಡಿಯಾಗುತ್ತದೆ. ಆಯಾ ಬೇಗ ಬೇಗ ಊಟ ತಿನ್ನಿಸಿ, ಬಟ್ಟೆ ತೊಡಿಸಿ, ಮುಖ ತೊಳೆದು ಮಲಗಿಸಿಬಿಡುತ್ತಾಳೆ. ಅವಳಿಗಿರುವ ಕೆಲಸವೂ ಬೆಟ್ಟದಷ್ಟು. ಆದರೆ ಮಿದುಳಿನ ಉಳಿದ ಭಾಗ ಕಳೆದುಹೋದ ಕೆಲಸವನ್ನು ಹೊಸದಾಗಿ ಕಲಿಯುವುದು ಮತ್ತೆ ಮತ್ತೆ ಮಾಡಿದಾಗ ಮಾತ್ರ. ಎಲ್ಲವನ್ನೂ ನಾವೇ ಮಾಡಿಬಿಟ್ಟರೆ ಆ ಕೈ ಕಲಿಯುವುದು ಯಾವಾಗ? ಮೊದಲ 3 ತಿಂಗಳಲ್ಲಿ ಚೇತರಿಕೆಯ ವೇಗ ಹೆಚ್ಚು. ಆಮೇಲೆಯೂ ಅದು ನಿಲ್ಲುವುದಿಲ್ಲ.

ಆದ್ದರಿಂದ ಹಿರಿಯರು ತಾವೇ ಮಾಡಲಿ, ನಾವು ಪಕ್ಕದಲ್ಲಿರೋಣ. ಅಂಗಿ ತೊಡುವಾಗ ಸೋತ ತೋಳು ಮೊದಲು, ಬಿಚ್ಚುವಾಗ ಅದು ಕೊನೆಗೆ. ಎಬ್ಬಿಸುವಾಗ ಸೋತ ಕೈಯನ್ನು ಹಿಡಿದೆಳೆಯಬಾರದು. ಭುಜದ ಕೀಲು ಜಾರಿ ಬಹುಕಾಲ ನೋಯುತ್ತದೆ. ಹಾಸಿಗೆಯಲ್ಲೇ ಇರುವವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನಿನ ಹುಣ್ಣು ತಪ್ಪೀತು. ನೀರು ಕುಡಿದಾಗ ಕೆಮ್ಮು ಬರುವುದೇ, ಗಂಟಲು ಗೊರಗೊರ ಎನ್ನುವುದೇ ಎಂದು ಗಮನಿಸಿ. ಹಾಗಿದ್ದರೆ ಆಹಾರ ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ಉಣಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಊಟ ಯಾವಾಗಲೂ ನೆಟ್ಟಗೆ ಕುಳಿತೇ ಆಗಲಿ, ಉಂಡೊಡನೆ ಮಲಗಿಸಬೇಡಿ.

ಅಂಗಸಾಧನೆ ಎಂದರೆ ಬೇಸರಪಡುವವರಿಗೆ ಬಲ್ಲ ಕೆಲಸವನ್ನೇ ಕೊಡಿ. ಜೀವಮಾನವೆಲ್ಲ ಅಡಿಕೆ ಸುಲಿದ ಅಜ್ಜಿಯ ಮುಂದೆ ಹತ್ತು ಅಡಿಕೆ ಇಟ್ಟು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಲು ಹೇಳಿ. ಮೊರದಲ್ಲಿ ಒಂದು ಹಿಡಿ ಅಕ್ಕಿ ಆರಿಸಲಿ. ಚೆಲ್ಲಿದರೆ ಚೆಲ್ಲಲಿ. ಮಾತು ಹೋದವರಿಗೆ ಬುದ್ಧಿಯೂ ಹೋಗಿದೆಯೆಂದು ತಿಳಿಯಬೇಡಿ, ಅವರೆದುರು ಕೂಗಬೇಡಿ. ‘ಅಮ್ಮ, ಚಹಾ ಬೇಕೆ?’ ಎಂದು ಚಿಕ್ಕದಾಗಿ ಕೇಳಿ, ತಲೆಯಾಡಿಸುವವರೆಗೆ ತಾಳ್ಮೆಯಿಂದ ಕಾಯಿರಿ.

ಹಾಗೆಂದು ಒಳ್ಳೆಯ ಮನಸ್ಸೊಂದೇ ಸಾಲದು. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮನೆಯವರಿಗೆ ಆರೈಕೆ, ವ್ಯಾಯಾಮ ಕಲಿಸಿ ಕಳುಹಿಸಿದ ರೋಗಿಗಳೂ, ಹಾಗೆ ಕಲಿಸದವರೂ 6 ತಿಂಗಳ ಬಳಿಕ ಹೆಚ್ಚುಕಡಮೆ ಒಂದೇ ಸ್ಥಿತಿಯಲ್ಲಿದ್ದರು. ಹೊರೆಯನ್ನೆಲ್ಲ ಮನೆಯವರ ಅಥವಾ ಆಯಾಳ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ ಎಂಬುದನ್ನು ಇದರಿಂದ ಕಲಿಯಬೇಕು. ಬಲ್ಲ ಫಿಸಿಯೋಥೆರಪಿಯವರು ಆಗಾಗ ಬಂದು ನೋಡಲಿ; ತೋರಿಸಿಕೊಟ್ಟದ್ದನ್ನು ಗೋಡೆಯ ಮೇಲೆ ಬರೆದು ಹಾಕಿ, ಹಗಲಿನ ಆಯಾ, ರಾತ್ರಿಯ ಆಯಾ ಇಬ್ಬರೂ ಒಂದೇ ರೀತಿ ನಡೆಸಲಿ.

ಲಕ್ವ ಮರುಕಳಿಸಬಹುದು. ರಕ್ತದೊತ್ತಡವೇ ಅದರ ದೊಡ್ಡ ಕಾರಣ. ‘ಈಗ ಹಗುರವಾಗಿದೆ’ ಎಂದು ಮಾತ್ರೆ ಬಿಡಿಸಬಾರದು. ಹಪ್ಪಳ, ಉಪ್ಪಿನಕಾಯಿ ಹಿತಮಿತವಾಗಿರಲಿ. ಬೀಡಿ, ಹೊಗೆಸೊಪ್ಪು ಬೇಡವೇ ಬೇಡ.

ಇನ್ನೊಂದು ಮಾತು. ಲಕ್ವ ಹೊಡೆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಊಟ ಬೇಡ, ವ್ಯಾಯಾಮ ಬೇಡ, ಯಾರೂ ಬೇಡ ಎನ್ನುತ್ತಾರೆ. ಇದನ್ನು ಹಟವೆಂದು ಗದರಬಾರದು, ಇದಕ್ಕೂ ಚಿಕಿತ್ಸೆಯುಂಟು. ಆಶ್ರಮಕ್ಕೆ ತಿಂಗಳ ಹಣ ಕಳುಹಿಸುವ ಮಕ್ಕಳು ಹದಿನೈದು ದಿನಕ್ಕೊಮ್ಮೆಯಾದರೂ ಹೋಗಿ ಅವರ ಎಡಗೈಗೋ ಬಲಗೈಗೋ ಎಷ್ಟು ಬಲ ಬಂದಿದೆಯೆಂದು ನೋಡಿಬರಲಿ. ಕಳೆದ ಬಾರಿ ನಾಲ್ಕು ಅಡಿಕೆ ಎತ್ತಿದವರು ಈ ಸಲ ಆರು ಎತ್ತಿದರೆ, ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿ.